ಒಂದೇ ಹೂವು, ಎರಡು ಘಮ

ಮಕ್ಕಳೇ, ಅಜ್ಜಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಒಂದು ಕೈಯಲ್ಲಿ ಮಲ್ಲಿಗೆ, ಇನ್ನೊಂದರಲ್ಲಿ ಜಾಜಿ ಹಿಡಿದು ‘ಯಾವುದು ಯಾವ ಹೂ?’ ಎಂದು ಕೇಳಿ. ತಟ್ಟನೆ ಹೇಳಿಬಿಡುತ್ತಾರೆ! ಆದರೆ ಒಂದೇ ಬಗೆಯ ಹೂಗಳಿಂದ ಮಾಡಿದ ಎರಡು ಸೆಂಟುಗಳನ್ನು ಬೇರೆ ಮಾಡಿ ಹೇಳುವುದು ಅಷ್ಟು ಸುಲಭವಲ್ಲ. ಅದಕ್ಕೆ ತಾಳ್ಮೆ ಬೇಕು.

ಫ್ರಾನ್ಸಿನ ಎರಡು ಹಳೆಯ ಸೆಂಟುಗಳನ್ನೇ ನೋಡಿ. 1921ರಲ್ಲಿ ಬಂದದ್ದು ‘ಶನೆಲ್ ನಂಬರ್ 5’. ಸುಗಂಧ ತಯಾರಕ ಅರ್ನೆಸ್ಟ್ ಬೋ ಸಂಖ್ಯೆ ಬರೆದ ಮಾದರಿ ಶೀಸೆಗಳನ್ನು ಮುಂದಿಟ್ಟರು. ಉಡುಪು ವಿನ್ಯಾಸಕಿ ಕೊಕೊ ಶನೆಲ್ 5ನೇ ಸಂಖ್ಯೆಯದನ್ನು ಆರಿಸಿದರು. ಆ ಸಂಖ್ಯೆಯೇ ಹೆಸರಾಯಿತು.

1927ರಲ್ಲಿ ಬಂದದ್ದು ‘ಅರ್ಪೆಜ್’. ಇನ್ನೊಬ್ಬ ವಿನ್ಯಾಸಕಿ ಜೀನ್ ಲಾನ್ವಿನ್ ತಮ್ಮ ಮಗಳ 30ನೇ ಹುಟ್ಟುಹಬ್ಬಕ್ಕೆಂದು ಮಾಡಿಸಿದ ಉಡುಗೊರೆ ಅದು. ಮಗಳಿಗೆ ಸಂಗೀತವೆಂದರೆ ಪ್ರಾಣ. ಸ್ವರಗಳನ್ನು ಒಂದರ ಹಿಂದೊಂದು ನುಡಿಸುವುದಕ್ಕೆ ಪಾಶ್ಚಾತ್ಯ ಸಂಗೀತದಲ್ಲಿರುವ ಹೆಸರೇ ಸೆಂಟಿಗೂ ಬಂತು. ಕಪ್ಪು ಗುಂಡು ಶೀಸೆಯ ಮೇಲೆ ತಾಯಿ-ಮಗಳ ಚಿತ್ರವಿದೆ.

ಸೆಂಟಿನಲ್ಲೂ ‘ಸ್ವರ’ಗಳಿವೆ. ಹಚ್ಚಿದ ಕೂಡಲೇ ಕೇಳುವುದು ಮೇಲಿನ ಸ್ವರ. ಎರಡರಲ್ಲೂ ಅಲ್ಲಿ ಆಲ್ಡಿಹೈಡ್ ಎಂಬ ರಾಸಾಯನಿಕಗಳಿವೆ. ಹೊಸ ಸೋಪಿನಂತೆ, ಆಗಷ್ಟೇ ಆರಿಸಿದ ಮೇಣದಬತ್ತಿಯಂತೆ ಅವುಗಳ ವಾಸನೆ. ಕೆಲವು ನಿಮಿಷಗಳ ನಂತರ ನಡುವಿನ ಸ್ವರ: ಗುಲಾಬಿ ಮತ್ತು ಜಾಜಿ. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಸೆಂಟಿಗೆಂದೇ ಬೆಳೆಯುವ ಹೂವು ನಮ್ಮಂಗಳದ ಜಾಜಿಯ ಜಾತಿಯದೇ!

ಇಲ್ಲಿಯವರೆಗೆ ಎರಡೂ ಅಕ್ಕ-ತಂಗಿಯರಂತೆ. ಕೆಲವು ಗಂಟೆ ಕಾದರೆ ಕೊನೆಯ ಸ್ವರ ಏಳುತ್ತದೆ. ಶ್ರೀಗಂಧ, ಲಾವಂಚ, ವೆನಿಲ್ಲಾ ಎರಡರಲ್ಲೂ ಇವೆ. ಆದರೂ ನಂಬರ್ 5 ಮುಖದ ಪೌಡರಿನಂತೆ ನವಿರಾಗುತ್ತದೆ. ಅರ್ಪೆಜ್‌ನಲ್ಲಿ ಮರ, ಬೇರುಗಳ ವಾಸನೆ ಗಾಢವಾಗುತ್ತದೆ.

ಘಮಕ್ಕೂ ಮುಪ್ಪಿದೆ. ಬಿಸಿಲು, ಸೆಕೆ, ಗಾಳಿ ತಾಗಿದರೆ ಮೇಲಿನ ಸ್ವರ ಮೊದಲು ಕೆಡುತ್ತದೆ. ಅದಕ್ಕೇ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ 1990ರಿಂದ ‘ಆಸ್ಮೋಥೆಕ್’ ಎಂಬ ಸುಗಂಧ ಭಂಡಾರವಿದೆ. ಅಂಗಡಿಗಳಿಂದ ಮರೆಯಾದ ಸೆಂಟುಗಳನ್ನೂ ಅಲ್ಲಿ ಕತ್ತಲಲ್ಲಿ, ತಂಪಿನಲ್ಲಿ ಕಾಪಾಡುತ್ತಾರೆ.

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲೂ ಒಂದು ಅತ್ತರಿನ ಶೀಸೆ ಇರಬಹುದು. ಕಾಗದದ ಚೂರಿಗೆ ಒಂದು ಹನಿ ಹಾಕಿ, ಅಜ್ಜ-ಅಜ್ಜಿಯ ಮುಂದೆ ಹಿಡಿಯಿರಿ. ಈಗೊಮ್ಮೆ, ಸಂಜೆ ಇನ್ನೊಮ್ಮೆ. ಅವರಿಗೆ ಏನು ನೆನಪಾಯಿತೆಂದು ಕೇಳಿ ಬರೆದಿಡಿ. ಶೀಸೆ ಖಾಲಿಯಾದ ಮೇಲೂ ಆ ಮಾತು ಉಳಿಯುತ್ತದೆ.