ಗುರುತಿನವರು ಯಾರಾದರೂ ಇದ್ದಾರೇನು?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮನೆಗಳಲ್ಲಿ ಮಗನ ಅಥವಾ ಮಗಳ ಅಂಕಪಟ್ಟಿ ಕೈಗೆ ಬಂದ ದಿನ ಪೇಢೆ ಹಂಚಿ ಮುಗಿಯುವುದರೊಳಗೆ ಒಂದು ಪ್ರಶ್ನೆ ಎದ್ದು ನಿಲ್ಲುತ್ತದೆ: ‘ಅಲ್ಲೆ ನಮ್ಮ ಗುರ್ತಿನವ್ರು ಯಾರರೇ ಅದಾರೇನು?’ ಯಾವ ನೌಕರಿ, ಎಂಥ ನೌಕರಿ ಎಂಬುದು ಆಮೇಲಿನ ಮಾತು. ಮೊದಲು ಬೇಕಾದದ್ದು ವಶೀಲಿ. ಕಬ್ಬಿನ ಬಿಲ್ಲಿನಲ್ಲಿ ಸಾಲ ತೀರಿಸಿ ಉಳಿದ ನಾಲ್ಕು ಕಾಸನ್ನು ‘ಹುಡುಗನ ನೌಕರಿಗೆ ಬೇಕಾದೀತು’ ಎಂದು ತೆಗೆದಿಡುವ ತಂದೆಯರು ಈ ಭಾಗದಲ್ಲಿ ಅಪರೂಪವಲ್ಲ.

ಈ ಪ್ರಶ್ನೆಯನ್ನು ತಪ್ಪೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಒಂದು ಇತಿಹಾಸವಿದೆ.

ಗಿರಣಿಯ ಮುಕಾದಮ

ಘಟಪ್ರಭೆಯ ನೀರಿನ ಬಲವನ್ನು ನೆಚ್ಚಿ ಗೋಕಾಕ ಜಲಪಾತದ ಬಳಿ ಹತ್ತಿ ಗಿರಣಿಯ ಕಂಪನಿ ಹುಟ್ಟಿದ್ದು 1885ರಲ್ಲಿ. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಕಾಲದ ಮುಂಬಯಿ ಗಿರಣಿಗಳಲ್ಲಿ ಕೆಲಸಗಾರರನ್ನು ಆರಿಸುತ್ತಿದ್ದವನು ಮಾಲೀಕನಲ್ಲ, ಜಾಬರ್ ಅಥವಾ ಮುಕಾದಮ. ಅವನು ತನ್ನ ಊರಿನವರನ್ನು, ಬಂಧುಬಳಗದವರನ್ನು, ತನ್ನ ಜಾತಿಯವರನ್ನು ಕರೆತರುತ್ತಿದ್ದ. ಮಾಲೀಕನಿಗೂ ಅದು ಅನುಕೂಲವೇ. ಹೊಸ ಆಳು ಓಡಿಹೋದರೆ, ಕೆಲಸ ಕೆಡಿಸಿದರೆ ಕೇಳಲು ಒಬ್ಬ ಜಾಮೀನುದಾರನಿದ್ದಾನೆ ಎಂಬ ಧೈರ್ಯ. ಆದರೆ ಜಾಮೀನಿಗೂ ಬೆಲೆ ಬಂತು. ಕೆಲಸ ಸಿಕ್ಕಬೇಕಾದರೂ ಉಳಿಯಬೇಕಾದರೂ ಮುಕಾದಮನಿಗೆ ‘ದಸ್ತೂರಿ’ ಕೊಡಬೇಕಾಯಿತು. 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗ 1931ರ ವರದಿಯಲ್ಲಿ ಈ ಪದ್ಧತಿಯನ್ನು ಟೀಕಿಸಿ, ನೇಮಿಸುವ ಹಾಗೂ ತೆಗೆದುಹಾಕುವ ಅಧಿಕಾರ ಜಾಬರ್‌ನ ಕೈಯಲ್ಲಿ ಇರಬಾರದೆಂದು ಹೇಳಿತು.

ವಿಶ್ವಾಸದಿಂದ ಆರಂಭವಾದ ಪರಿಚಯ ವ್ಯಾಪಾರದಲ್ಲಿ ಮುಗಿಯಿತು. ಈ ಕಥೆ ನಮ್ಮಲ್ಲಿ ಮಾತ್ರ ನಡೆದದ್ದಲ್ಲ.

ಮನಿಲಾದ ಕಾಲುದಾರಿಯಲ್ಲಿ

ಜಗತ್ತಿನ ಹಡಗುಗಳಲ್ಲಿ ದುಡಿಯುವವರಲ್ಲಿ ಫಿಲಿಪ್ಪೀನ್ಸ್ ದೇಶದವರ ಸಂಖ್ಯೆ ಬಹಳ ದೊಡ್ಡದು. ರಾಜಧಾನಿ ಮನಿಲಾದ ಕಲಾವ್ ರಸ್ತೆಯ ಬದಿಯಲ್ಲಿ ನಾವಿಕರದೇ ಒಂದು ಸಂತೆ ಸೇರುತ್ತದೆ. ಹಡಗು ಕಂಪನಿಗಳಿಗೆ ಆಳು ಒದಗಿಸುವ ಏಜೆನ್ಸಿಗಳ ಪ್ರತಿನಿಧಿಗಳು ಫಲಕ ಹಿಡಿದು ನಿಂತಿರುತ್ತಾರೆ. ಕಡತ ಹಿಡಿದ ತರುಣರು ಒಬ್ಬರಿಂದ ಒಬ್ಬರ ಬಳಿಗೆ ಹೋಗುತ್ತಾರೆ. ಅನುಭವ ಇದ್ದವನಿಗೆ ಹಡಗು ಸಿಕ್ಕೀತು. ಹೊಸದಾಗಿ ಕಲಿತು ಬಂದವನಿಗೆ ಬೇಕಾದದ್ದು ‘ಬ್ಯಾಕರ್’, ನಮ್ಮ ಮಾತಿನಲ್ಲಿ ವಶೀಲಿಯವನು. ಚಿಕ್ಕಪ್ಪನೋ, ಊರಿನ ಕ್ಯಾಪ್ಟನ್ನನೋ ಕಚೇರಿಯಲ್ಲಿ ಒಂದು ಮಾತು ಹೇಳಿದರೆ ದಾರಿ ಹತ್ತಿರವಾಗುತ್ತದೆ.

ಬ್ಯಾಕರ್ ಇಲ್ಲದವರ ಪಾಡೇನು? ಅನೇಕರು ಏಜೆನ್ಸಿಗಳಲ್ಲಿ ‘ಯುಟಿಲಿಟಿ’ ಎಂಬ ಹೆಸರಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿಯುತ್ತಾರೆ. ಕಾಗದ ತಲುಪಿಸುವುದು, ಕಾಫಿ ತರುವುದು, ಸಾಹೇಬರ ಕಾರು ತೊಳೆಯುವುದು. ಸಂಬಳ ಇಲ್ಲ, ಇದ್ದರೂ ಊಟ-ಬಸ್ಸಿನ ಖರ್ಚಿಗೆ ಸಾಲುವಷ್ಟು. ಎದುರಿಗೆ ಕಾಣುತ್ತಿದ್ದರೆ ಒಂದು ದಿನ ಹಡಗು ಹತ್ತಿಸಿಯಾರು ಎಂಬುದೊಂದೇ ಆಸೆ. ಪರಿಚಯ ಹುಟ್ಟಿಬಂದಿಲ್ಲದವನು ಅದನ್ನು ಪುಕ್ಕಟೆ ದುಡಿಮೆಯಿಂದ ಕೊಂಡುಕೊಳ್ಳುವ ಬಗೆಯಿದು.

ಹಡಗಿನ ನೌಕರಿಗೆ ಹಣ ಕೇಳಬಾರದೆಂಬ ನಿಯಮ ಇಂದು ಜಗತ್ತಿಗೆಲ್ಲ ಇದೆ. 2006ರ ಸಾಗರ ಕಾರ್ಮಿಕ ಒಪ್ಪಂದದ ಪ್ರಕಾರ ನಾವಿಕನಿಂದ ನೇಮಕಾತಿಯ ಶುಲ್ಕ ವಸೂಲಿ ಮಾಡುವಂತಿಲ್ಲ. ಭಾರತವೂ 2015ರಲ್ಲಿ ಅದಕ್ಕೆ ಒಪ್ಪಿಗೆ ನೀಡಿದೆ. ಡಿ.ಜಿ. ಶಿಪ್ಪಿಂಗ್ ಎಂದು ಹೆಸರಾದ ಮುಂಬಯಿಯ ಕೇಂದ್ರ ಸರಕಾರಿ ಕಚೇರಿಯ ಪರವಾನಗಿ ಇಲ್ಲದೆ ಯಾರೂ ಹಡಗಿಗೆ ಆಳು ಕಳಿಸುವಂತಿಲ್ಲ. ‘ಇಷ್ಟು ಲಕ್ಷ ಕೊಡಿ, ಹಡಗಿಗೆ ಹತ್ತಿಸುತ್ತೇನೆ’ ಎನ್ನುವವನು ಎಷ್ಟೇ ಹತ್ತಿರದ ನೆಂಟನಾಗಿರಲಿ, ಅಲ್ಲಿಗೇ ಕೈಮುಗಿಯುವುದು ಲೇಸು.

ಗೋಕಾಕದ ಪಾಠ

ಸಮುದ್ರ ದೂರದ ಮಾತಾಯಿತು. ಮನೆ ಬಾಗಿಲಿನದೇ ಒಂದು ಉದಾಹರಣೆಯಿದೆ. 2022ರ ಆಗಸ್ಟ್ 7ರಂದು ಕೆಪಿಟಿಸಿಎಲ್‌ನ ಕಿರಿಯ ಸಹಾಯಕ ಹುದ್ದೆಗೆ ಲಿಖಿತ ಪರೀಕ್ಷೆ ನಡೆಯಿತು. ಗೋಕಾಕದ ಕೇಂದ್ರವೊಂದರಲ್ಲಿ ಸ್ಮಾರ್ಟ್‌ವಾಚ್ ಬಳಸಿದ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ತನಿಖೆಯ ಎಳೆ ಗದಗದವರೆಗೆ ಹೋಯಿತು. ಪ್ರಶ್ನೆಪತ್ರಿಕೆಯ ಚಿತ್ರ ಹೊರಗೆ ಕಳಿಸಿ, ಉತ್ತರಗಳನ್ನು ಬ್ಲೂಟೂತ್ ಉಪಕರಣದ ಮೂಲಕ ಕಿವಿಗೆ ಮುಟ್ಟಿಸಿದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬಂಧಿತರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ತರುಣರೂ ಇದ್ದರು.

ಇಂಥ ಜಾಲಗಳು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಗಿರಾಕಿ ಹುಡುಕುವುದಿಲ್ಲ. ಗೆಳೆಯನ ಗೆಳೆಯ, ಬೀಗರ ಊರಿನವ, ‘ನಮ್ಮವನೇ’ ಎಂಬ ಮಾತಿನ ಮೇಲೆಯೇ ಅವು ಬೆಳೆಯುತ್ತವೆ. ಅಪರಿಚಿತನಿಗೆ ಹತ್ತು ರೂಪಾಯಿ ಕೊಡಲು ಹಿಂದೆಮುಂದೆ ನೋಡುವ ರೈತ, ‘ನಮ್ಮವ’ ಎಂದೊಡನೆ ಹೊಲ ಒತ್ತೆಯಿಟ್ಟು ಹಣ ತರುತ್ತಾನೆ. ಅದಕ್ಕೆ ರಸೀದಿ ಇಲ್ಲ. ನೌಕರಿ ಸಿಗದಿದ್ದರೆ ಹಣ ಕೇಳುವಂತಿಲ್ಲ, ಕೊಟ್ಟದ್ದೇ ಅಪರಾಧ. ಸಿಕ್ಕಿಬಿದ್ದರೆ ಹುಡುಗನ ಹೆಸರು ಠಾಣೆಯ ಪುಸ್ತಕಕ್ಕೆ. ಇಂಥ ಅಕ್ರಮಗಳ ತಡೆಗೆ ರಾಜ್ಯ 2023ರಲ್ಲಿ, ಕೇಂದ್ರ 2024ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿವೆ.

ಪರಿಚಯದ ನಿಜವಾದ ಉಪಯೋಗ

ಹಾಗಾದರೆ ಪರಿಚಯದಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಕುತೂಹಲದ ಸಂಗತಿಯಿದೆ. ಪರಿಚಿತರ ಮೂಲಕ ನೌಕರಿ ಪಡೆದವರನ್ನು ಅವರು ವಿಚಾರಿಸಿದಾಗ, ಸುದ್ದಿ ತಂದವರು ಆಪ್ತಮಿತ್ರರಾಗಿದ್ದುದು ಕಡಿಮೆ. ಶೇಕಡಾ 80ಕ್ಕೂ ಹೆಚ್ಚು ಮಂದಿಗೆ ನೌಕರಿಯ ಸುದ್ದಿ ಮುಟ್ಟಿಸಿದವರು ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರು ಅಥವಾ ಅಪರೂಪಕ್ಕೆ ಕಾಣುವವರು. ಕಾರಣ ಸರಳ. ನಮ್ಮ ಆಪ್ತರಿಗೆ ನಮಗೆ ಗೊತ್ತಿರುವಷ್ಟೇ ಗೊತ್ತಿರುತ್ತದೆ. ಬೇರೆ ಊರಿನ, ಬೇರೆ ಕಸುಬಿನ ಪರಿಚಿತ ಹೊಸ ಸುದ್ದಿ ತರುತ್ತಾನೆ.

ನಿಜವಾದ ಅನ್ಯಾಯ ಇರುವುದೂ ಇಲ್ಲಿಯೇ. ನೌಕರದಾರನ ಮಗನಿಗೆ ಅರ್ಜಿ ಕರೆದ ದಿನವೇ ತಿಳಿಯುತ್ತದೆ; ತೋಟದ ಮನೆಯ ಹುಡುಗಿಗೆ ಕೊನೆಯ ತಾರೀಖು ಮುಗಿದ ಮೇಲೆ. ಆ ಹುಡುಗಿಗೆ ಬೇಕಾದದ್ದು ಶಿಫಾರಸಲ್ಲ, ಸಕಾಲಕ್ಕೆ ಸುದ್ದಿ. ಅದನ್ನು ಶಾಲೆಯ ಗುರುಗಳು, ಗ್ರಂಥಾಲಯದ ಫಲಕ, ಒಂದೆರಡು ವರ್ಷ ಮುಂಚೆ ಪಾಸಾದ ಅಕ್ಕಂದಿರು ಕೊಡಬಲ್ಲರು.

ಸೈನ್ಯದಿಂದ ನಿವೃತ್ತರಾಗಿ ಬಂದವರು ಈ ಭಾಗದ ಹಳ್ಳಿಗಳಲ್ಲಿ ಸಾಕಷ್ಟಿದ್ದಾರೆ. ಅಂಥವರು ಯಾರನ್ನೂ ಭರ್ತಿ ಮಾಡಿಸಲಾರರು. ಆದರೆ 1.6 ಕಿಲೋಮೀಟರ್ ಓಟಕ್ಕೆ ಹೇಗೆ ಅಣಿಯಾಗಬೇಕು, ಯಾವ ಕಾಗದಪತ್ರ ಜೋಡಿಸಿಕೊಳ್ಳಬೇಕು ಎಂದು ಹೇಳಿಕೊಡಬಲ್ಲರು. ಓಡುವವನು ಹುಡುಗನೇ.

ಪಾಲಕರು ಗುರುತಿನವರನ್ನು ಅವಶ್ಯ ಹುಡುಕಲಿ. ಕೇಳುವ ಪ್ರಶ್ನೆ ಮಾತ್ರ ಬದಲಾಗಲಿ. ‘ಎಷ್ಟು ಕೊಡಬೇಕು?’ ಎಂಬುದಲ್ಲ, ‘ಅರ್ಜಿ ಎಂದು ಕರೆಯುತ್ತಾರೆ, ಏನು ಓದಬೇಕು, ನೀವು ಹೇಗೆ ಪಾಸಾದಿರಿ?’ ಎಂಬುದು. ಈ ಪ್ರಶ್ನೆಗೆ ಉತ್ತರ ಹೇಳುವವನು ನಿಜವಾದ ಗುರುತಿನವ. ಮೊದಲ ಪ್ರಶ್ನೆಗೆ ಉತ್ತರ ಹೇಳುವವನು ಹೊಲದ ಉತಾರೆಯ ಮೇಲೆ ಕಣ್ಣಿಟ್ಟವನು.