ಸೋಲಾರ್ ನೀರು ಏಕೆ ಬಿಸಿಯಾಗಲಿಲ್ಲ?

ಡಿಸೆಂಬರ್ ತಿಂಗಳ ಒಂದು ಮುಂಜಾನೆ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಮನೆಯಲ್ಲಿ ಮಗಳು ಪರೀಕ್ಷೆಗೆ ಹೊರಡುವ ಗಡಿಬಿಡಿ. ಬಚ್ಚಲಿನ ನಲ್ಲಿ ತಿರುಗಿಸಿ ಐದು ನಿಮಿಷವಾದರೂ ಬರುತ್ತಿದ್ದುದು ತಣ್ಣೀರೇ. ‘ಅಪ್ಪಾ, ನಿನ್ನೆ ದಿನವಿಡೀ ಬಿಸಿಲಿತ್ತಲ್ಲ, ಆ ಶಾಖವೆಲ್ಲ ಎಲ್ಲಿ ಹೋಯಿತು?’ ಎಂದು ಕೇಳಿದಳು. ನೋಡಲು ಬಂದ ರಿಪೇರಿಯವನು ‘ಹಳೆಯದಾಯಿತು ಸಾರ್, ಹೊಸದು ಹಾಕಿಸಿ’ ಎಂದುಬಿಟ್ಟ. ಸಾವಿರಾರು ರೂಪಾಯಿಯ ಮಾತು! ಮಗಳ ಪ್ರಶ್ನೆಯೇ ಸರಿ ಎನಿಸಿತು.

1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಇಂದು ಸುತ್ತಲಿನ ತಾರಸಿಗಳ ಮೇಲೆ ಸೋಲಾರ್ ಟ್ಯಾಂಕುಗಳು ಸಾಮಾನ್ಯ ನೋಟ. ಇದರೊಳಗೆ ಪಂಪಿಲ್ಲ, ಯಂತ್ರವಿಲ್ಲ. ಬಿಸಿಯಾದ ನೀರು ಹಗುರವಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ. ತಣ್ಣೀರು ಕೆಳಗಿಳಿದು ಬಿಸಿಲಿಗೆ ಒಡ್ಡಿಕೊಳ್ಳುತ್ತದೆ. 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಲು ವಿದ್ಯುತ್ತಾದರೆ ಸುಮಾರು ಮೂರೂವರೆ ಯೂನಿಟ್ ಬೇಕು. ಸೂರ್ಯ ಅದನ್ನು ಬಿಟ್ಟಿಯಾಗಿ ಕೊಡುತ್ತಾನೆ.

ಹಾಗಾದರೆ ತೊಡಕೆಲ್ಲಿ? ಮೊದಲ ಶತ್ರು ಗಾಳಿ. ಕೊಳವೆ ಎಲ್ಲಾದರೂ ಉಬ್ಬಿಕೊಂಡಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರಿನ ಹರಿವನ್ನು ತಡೆಯುತ್ತದೆ. ಟ್ಯಾಂಕಿನ ಮೇಲೆ ನಿಂತಿರುವ ಗಾಳಿಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು. ಚಳಿ ದೇಶಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲೂ ಇದೇ ಕಥೆ. ಅಲ್ಲಿ ಗೋಡೆಗೆ ಕೂರಿಸಿದ ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದು ಕೆಳಭಾಗ ಬಿಸಿಯಿದ್ದರೆ ಒಳಗೆ ಗಾಳಿ ಸೇರಿದೆಯೆಂದೇ ಅರ್ಥ. ಬಿಸಿ ಮಾಡುವುದನ್ನು ನಿಲ್ಲಿಸಿ, ಆರಿದ ಮೇಲೆ, ಪುಟ್ಟ ಕೀಲಿಯಿಂದ ತಿರುಪನ್ನು ಸಡಿಲಿಸಿದರೆ ಗಾಳಿ ‘ಸುಯ್’ ಎಂದು ಹೊರಹೋಗುತ್ತದೆ. ನೀರು ಜಿನುಗಿದೊಡನೆ ಮುಚ್ಚಿದರಾಯಿತು.

ಎರಡನೆಯ ಶತ್ರು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕಾರ್ಬೊನೇಟ್ ಆಗಿ ಬಿಳಿಯ ಪೊರೆ ಕಟ್ಟುತ್ತದೆ. ಶಾಲೆಯ ರಸಾಯನಶಾಸ್ತ್ರದ ಸಮೀಕರಣ ನಮ್ಮ ಕೊಳವೆಯೊಳಗೇ ನಡೆಯುತ್ತಿರುತ್ತದೆ! ಪೊರೆ ದಪ್ಪವಾದಂತೆ ಶಾಖ ನೀರಿಗೆ ತಲುಪುವುದಿಲ್ಲ, ಕೊಳವೆಯೂ ಕಿರಿದಾಗುತ್ತದೆ. ಅದನ್ನು ಆಮ್ಲದಿಂದ ತೆಗೆಯುವ ಕೆಲಸ ಬಲ್ಲವರಿಗೇ ಇರಲಿ. ಗಾಜಿನ ಮೇಲಿನ ಧೂಳು ಒರೆಸುವುದು ಮಾತ್ರ ಮನೆಯವರದೇ ಕೆಲಸ.

ಮೂರನೆಯದು ಯಾರ ಕಣ್ಣಿಗೂ ಬೀಳದ ಕಳ್ಳ. ಬಿಸಿನೀರು, ತಣ್ಣೀರು ಸೇರುವ ಮಿಕ್ಸರ್ ನಲ್ಲಿಯ ಎರಡೂ ತಿರುಗಣೆ ತೆರೆದಿದ್ದು, ಕೈಶವರಿನ ಬಾಯಿ ಮಾತ್ರ ಮುಚ್ಚಿದ್ದರೆ, ಒತ್ತಡ ಹೆಚ್ಚಿರುವ ತಣ್ಣೀರು ಬಿಸಿನೀರಿನ ಕೊಳವೆಗೆ ನುಗ್ಗುತ್ತದೆ. ಪರೀಕ್ಷಿಸುವುದು ಸುಲಭ. ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ಹೊತ್ತಿನಲ್ಲಿ ನೀರು ನಿಲ್ಲಬೇಕು. ನಿಲ್ಲದೆ ತಣ್ಣಗೆ ಹರಿಯುತ್ತಲೇ ಇದ್ದರೆ ಕಳ್ಳ ಸಿಕ್ಕಿದ ಹಾಗೆಯೇ.

ನಮ್ಮಲ್ಲಿ ನಡೆದದ್ದೂ ಅದೇ. ಮಗಳು ಮನೆಯ ನಲ್ಲಿಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋಗಿ, ಅತಿಥಿಗಳ ಬಚ್ಚಲಿನಲ್ಲಿ ತೆರೆದಿದ್ದ ತಿರುಗಣೆಗಳನ್ನು ಮುಚ್ಚಿದಳು. ಮರುದಿನ ಬೆಳಿಗ್ಗೆ ಹೊಗೆಯಾಡುವ ಬಿಸಿನೀರು ಬಂತು! ಶಾಖ ಎಲ್ಲಿಗೂ ಹೋಗಿರಲಿಲ್ಲ, ಟ್ಯಾಂಕಿನಲ್ಲೇ ಇತ್ತು.

ಕೊನೆಗೆ ಎಚ್ಚರಿಕೆಯ ಎರಡು ಮಾತು. ಗಾಜಿನ ಕೊಳವೆಗಳು ಬರಿದಾಗಿ ಬಿಸಿಲಿಗೆ ಕಾದಿರುವಾಗ ತಣ್ಣೀರು ತುಂಬಿಸಬೇಡಿ; ಗಾಜು ಸಿಡಿದೀತು. ಟ್ಯಾಂಕಿನಲ್ಲಿ ವಿದ್ಯುತ್ ಕಾಯಿಲ್ ಇದ್ದರೆ ನೀರಿಲ್ಲದಾಗ ಸ್ವಿಚ್ ಹಾಕಬೇಡಿ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಮಕ್ಕಳು ಹಿರಿಯರಿಲ್ಲದೆ ತಾರಸಿಯ ಮೇಲೆ ಹತ್ತುವುದು ಬೇಡ. ‘ಏಕೆ’ ಎಂದು ಕೇಳುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.