ಅಟ್ಟವಿಲ್ಲದ ಫಸಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟಕ್ಕೇರಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಇಳಿಯುವುದಿಲ್ಲ. ನೀರು ಹಿಂಗಿ, ಗಿಟುಕು ಒಳಗೇ ಗಲಗಲ ಅನ್ನಬೇಕು. ರೇಟು ಬಿದ್ದಿದ್ದರೆ ಇನ್ನೂ ನಾಲ್ಕು ದಿನ ಕಾಯಿಸಬಹುದು. ಅದೇ ಮನೆಯ ಮಾಳಿಗೆ ಮೇಲೆ ಸೋಲಾರ್ ಹಾಕಿಸಿ ನೋಡಿ: ಆ ಫಸಲಿಗೆ ಅಟ್ಟವಿಲ್ಲ. ಹುಟ್ಟಿದ ಗಳಿಗೆಯಲ್ಲೇ ಖರ್ಚಾಗಬೇಕು.

ಮಿಕ್ಕ ಯೂನಿಟ್ಟಿಗೆ ಇದುವರೆಗೆ ಗಿರಾಕಿ ಬೆಸ್ಕಾಂ ಒಂದೇ. (ನಮ್ಮ ಕಡೆ ಇವತ್ತಿಗೂ ಅದು ಕೆಇಬಿಯೇ.) ದರ ಗೊತ್ತುಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಕೆಇಆರ್‌ಸಿ. 2014ರಲ್ಲಿ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಕಡೆ ಸೋಲಾರ್ ಪಂಪಿನ ‘ಸೂರ್ಯ ರೈತ’ ಯೋಜನೆ ಬಂದಾಗಲೂ ಪಂಪಿಗೆ ಹೆಚ್ಚಾದ ಕರೆಂಟು ಹೋಗಬೇಕಾದದ್ದು ಬೆಸ್ಕಾಂಗೇ. ಈಗ ‘ಪೀರ್ ಟು ಪೀರ್’ ಎಂಬ ಹೊಸ ಮಾತು: ನೆರೆಯವನಿಗೇ ನೇರ ಮಾರಿ. ಲಖನೌದಲ್ಲಿ ಪ್ರಯೋಗ ಆಗಿದೆ, ಕೆಇಆರ್‌ಸಿಯೂ 2024ರಲ್ಲಿ ಕರಡು ನಿಯಮ ತಂದಿತು.

ಹಾಗಾದರೆ ಬೆಸ್ಕಾಂಗೇನು ಕೆಲಸ? ಕಂಬ, ತಂತಿ, ಟಿ.ಸಿ., ಮೀಟರು ಎಲ್ಲ ಅದರದ್ದೇ. ನಾನು ಮಾರಿದ ಯೂನಿಟ್ಟು ನಿಮ್ಮ ಮನೆಗೇ ಬರುತ್ತದೆಂದಲ್ಲ. ಒಂದೇ ಕೆರೆಗೆ ಬಿದ್ದ ನೀರು ಅದು, ಯಾರದೆಷ್ಟೆಂದು ಹೇಳುವುದು ಮೀಟರಿನ ಲೆಕ್ಕ. ಮೋಡ ಮುಚ್ಚಿದಾಗ ನನ್ನ ಕೊರತೆ ತುಂಬುವುದೂ ಬೆಸ್ಕಾಂ. ಕರೆಂಟಿಗೆ ಅಟ್ಟ ಅಂತಿದ್ದರೆ ಅದೇ. ಅಟ್ಟಕ್ಕೆ ಬಾಡಿಗೆಯೂ ಇದೆ, ವೀಲಿಂಗ್ ಚಾರ್ಜ್ ಅನ್ನುತ್ತಾರೆ.

ತೊಡಕಿರುವುದು ಕೊಳ್ಳುವವರಲ್ಲಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. 2023ರ ಗೃಹಜ್ಯೋತಿಯಿಂದ 200 ಯೂನಿಟ್ ಮಿತಿಯೊಳಗಿನ ಮನೆಗಳಿಗೂ ಸೊನ್ನೆ ಬಿಲ್ಲು. ಪುಕ್ಕಟೆ ಸಿಗುವುದನ್ನು ಪಕ್ಕದವನಿಗೆ ದುಡ್ಡು ಕೊಟ್ಟು ಯಾರು ಕೊಂಡಾರು? ಉಳಿದವರು ಕೊಬ್ಬರಿಪುಡಿ ಫ್ಯಾಕ್ಟರಿ, ನಾರಿನ ಘಟಕ, ಎಣ್ಣೆಮಿಲ್ಲು, ಅಂಗಡಿಯವರು. ಹಗಲು ಓಡುವ ಯಂತ್ರಗಳು, ಬಿಸಿಲಿಗೆ ಹೇಳಿಮಾಡಿಸಿದ ಗಿರಾಕಿಗಳು. ಆದರೆ ಕೈಯಿಂದ ದುಡ್ಡು ಕಟ್ಟುವವರೂ ಇವರೇ. ಇವರು ನೆರೆಯವರ ಕಡೆ ಹೊರಳಿದಷ್ಟೂ ಬೆಸ್ಕಾಂ ಸರ್ಕಾರದ ಸಬ್ಸಿಡಿಯ ದಾರಿ ಕಾಯಬೇಕು.

ಹಾಗಾಗಿ ಜಗಳವೆಲ್ಲ ಬಾಡಿಗೆಯದ್ದೇ ಆಗಲಿದೆ. ಕಡಿಮೆಯಾದರೆ ಕಂಬ ನೆಟ್ಟವರಿಗೆ ಗಿಟ್ಟದು, ಜಾಸ್ತಿಯಾದರೆ ನೆರೆಯವನ ಕರೆಂಟೇ ದುಬಾರಿ. ಎಪಿಎಂಸಿಯಲ್ಲಿ ತಕ್ಕಡಿ ಮುಳ್ಳು ನೋಡದೆ ಚೀಲ ಬಿಟ್ಟುಕೊಡದ ಬೆಳೆಗಾರರೇ, ಕೆಇಆರ್‌ಸಿ ಅಹವಾಲು ಕೇಳಲು ಕೂತಾಗ ಒಮ್ಮೆ ಹೋಗಿ, ಈ ಬಾಡಿಗೆ ಎಷ್ಟು ಎಂದು ಕೇಳಿ.